ಲೆಕ್ಕಕ್ಕಿಂತ ಮೊದಲು ವಾಕ್ಯ: ಐದರಿಂದ ಎಂಟನೇ ತರಗತಿಯ ಗಣಿತ ಬಿಡಿಸುವ ದಾರಿ

ಐದನೇ ತರಗತಿಯಿಂದ ಎಂಟನೇ ತರಗತಿಯವರೆಗಿನ ಲೆಕ್ಕಗಳಲ್ಲಿ ಬಹುಪಾಲು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದರಲ್ಲೇ ಮುಗಿಯುತ್ತವೆ. ಆದರೂ ಇಪ್ಪತ್ತರವರೆಗೆ ಮಗ್ಗಿ ಒಪ್ಪಿಸುವ ಮಗು ವಾಕ್ಯದ ಲೆಕ್ಕ ಬಂದ ಕೂಡಲೇ ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ. ಆಮೇಲೆ ಕೇಳುತ್ತದೆ: "ಇದು ಕೂಡೋದಾ, ಕಳೆಯೋದಾ?" ಈ ಪ್ರಶ್ನೆ ಬಂತೆಂದರೆ ತೊಡಕು ಇರುವುದು ಓದುವುದರಲ್ಲಿ, ಮಗ್ಗಿಯಲ್ಲಲ್ಲ. ಮತ್ತೆ ಹತ್ತು ಗುಣಾಕಾರ ಮಾಡಿಸಿದರೆ ಅದು ಸರಿಹೋಗುವುದಿಲ್ಲ.

ಈ ಲೆಕ್ಕ ನೋಡಿ. "ಸೀತಮ್ಮನ ಬಳಿ 30 ಕುರಿಗಳಿವೆ. ಇವು ರಾಜಮ್ಮನ ಕುರಿಗಳಿಗಿಂತ 12 ಕಡಿಮೆ. ರಾಜಮ್ಮನ ಬಳಿ ಎಷ್ಟು ಕುರಿಗಳಿವೆ?"

'ಕಡಿಮೆ' ಎಂಬ ಪದ ಕಂಡದ್ದೇ ಹೆಚ್ಚಿನ ಮಕ್ಕಳು 30 − 12 = 18 ಎಂದು ಬರೆದುಬಿಡುತ್ತಾರೆ. ಕಳೆದದ್ದೇನೋ ಸರಿ, ಉತ್ತರ ತಪ್ಪು. ಇಲ್ಲಿ ಕೇಳಬೇಕಾದ್ದು ಒಂದೇ ಮಾತು: ಯಾರ ಹತ್ತಿರ ಹೆಚ್ಚು ಕುರಿಗಳಿವೆ? 'ಗಿಂತ' ಯಾರ ಕುರಿಗಳಿಗೆ ಅಂಟಿಕೊಂಡಿದೆಯೋ ಅವು ಅಳತೆಗೋಲು. ಇಲ್ಲಿ ಅಳತೆಗೋಲು ರಾಜಮ್ಮನ ಕುರಿಗಳು, ಸೀತಮ್ಮನವು ಅದಕ್ಕೆ 12 ಸಾಲದೆ ಬಂದಿವೆ. ಹಾಗಾದರೆ ರಾಜಮ್ಮನ ಬಳಿ 30 + 12 = 42. ತಾಳೆ: 42ಕ್ಕಿಂತ 12 ಕಡಿಮೆ ಎಂದರೆ 30, ಸರಿ.

'ಹೆಚ್ಚು ಎಂದರೆ ಕೂಡು, ಕಡಿಮೆ ಎಂದರೆ ಕಳೆ' ಎಂದು ಪದ ನೋಡಿ ಕ್ರಿಯೆ ಆರಿಸಲು ಕಲಿಸುವುದನ್ನು ಬಿಡಬೇಕು. ಮೂರನೇ ತರಗತಿಯಲ್ಲಿ ಅದು ಕೆಲಸ ಮಾಡುತ್ತದೆ, ಐದನೆಯದರಲ್ಲಿ ಕೈಕೊಡುತ್ತದೆ. ಕನ್ನಡದಲ್ಲಿ ಕ್ರಿಯೆಯನ್ನು ತೀರ್ಮಾನಿಸುವುದು ಎಷ್ಟೋ ಸಲ ಸಂಖ್ಯೆಯ ಬಾಲಕ್ಕೆ ಅಂಟಿದ ಪ್ರತ್ಯಯ. 'ರಿಂದ' ಎಂಬುದನ್ನೇ ತೆಗೆದುಕೊಳ್ಳಿ, ಅದು ಎರಡು ಕಡೆ ಎರಡು ಕೆಲಸ ಮಾಡುತ್ತದೆ. "40ರಿಂದ 8ನ್ನು ಕಳೆ" ಎಂದರೆ 40 − 8. ಇಲ್ಲಿ 'ರಿಂದ' ಅಂಟಿದ ಸಂಖ್ಯೆ ಮೊದಲು ಬರುತ್ತದೆ. "40ನ್ನು 8ರಿಂದ ಭಾಗಿಸು" ಎಂದರೆ 40 ÷ 8. ಇಲ್ಲಿ 'ರಿಂದ' ಅಂಟಿದ್ದು ಭಾಜಕ, ಅದು ಆಮೇಲೆ ಬರುತ್ತದೆ. "8ಕ್ಕಿಂತ 5 ಹೆಚ್ಚು" ಎಂದರೆ 13, "8ರ 5 ಪಟ್ಟು" ಎಂದರೆ 40. 'ತಲಾ' ಎಂದಿದ್ದರೆ ಒಬ್ಬೊಬ್ಬರಿಗೆ ಅಷ್ಟಷ್ಟು, ಒಟ್ಟು ಅಲ್ಲ. 'ಅದರಲ್ಲಿ' ಮತ್ತು 'ಉಳಿದದ್ದರಲ್ಲಿ' ಎಂಬ ಎರಡು ಪದಗಳ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಭಿನ್ನರಾಶಿಯಲ್ಲಿ ನೋಡೋಣ.

ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡದ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಅಂಥ ಮಗುವಿಗೆ ವಾಕ್ಯ ಅರ್ಥವಾಗಿದೆಯೇ ಎಂದು ತಿಳಿಯಬೇಕಾದರೆ ಲೆಕ್ಕವನ್ನು ತೆಲುಗಿನಲ್ಲೇ ಹೇಳಿಸಿ. ನಮ್ಮ 'ಗಿಂತ' ಅಲ್ಲಿ 'ಕಂಟೆ' ಆಗುತ್ತದೆ. ಅದನ್ನು ಸರಿಯಾದ ಹೆಸರಿಗೆ ಸೇರಿಸಿ ಹೇಳಿತೆಂದರೆ ಲೆಕ್ಕ ಅರ್ಧ ಬಿಡಿಸಿದಂತೆ. ಮನೆಯಲ್ಲಿ ಉರ್ದು ಆಡುವವರಿಗೂ ಇದೇ ಮಾತು. ಉತ್ತರವನ್ನು ಮಾತ್ರ ಕನ್ನಡದಲ್ಲಿ ಬರೆಸಿ.

ಹಾಳೆಯ ಮೇಲೆ ಐದು ಸಾಲು

ನೋಟ್‌ಬುಕ್ಕಿನ ಬಲಗಡೆ ನಾಲ್ಕು ಬೆರಳಗಲ ಬಿಟ್ಟು ಒಂದು ಗೆರೆ ಎಳೆಯಲಿ. ಗೆರೆಯ ಆಚೆ ಕಚ್ಚಾ ಲೆಕ್ಕ, ಈಚೆ ಬಿಡಿಸಿದ ಲೆಕ್ಕ. ಕಚ್ಚಾ ಲೆಕ್ಕವನ್ನು ರಬ್ಬರಿನಿಂದ ಅಳಿಸಲು ಬಿಡಬೇಡಿ. ತಪ್ಪು ಎಲ್ಲಿ ಆಯಿತೆಂದು ಹುಡುಕುವಾಗ ಇರುವ ಸಾಕ್ಷಿ ಅದೊಂದೇ.

ಎಡಗಡೆ ಐದು ಭಾಗ: ಕೊಟ್ಟಿದ್ದು, ಕೇಳಿದ್ದು, ಅಂದಾಜು, ಬಿಡಿಸುವುದು, ತಾಳೆ. ಕನ್ನಡ ಲೆಕ್ಕದಲ್ಲಿ ಪ್ರಶ್ನೆ ಸಾಮಾನ್ಯವಾಗಿ ಕೊನೆಯ ವಾಕ್ಯದಲ್ಲಿರುತ್ತದೆ. ಆದ್ದರಿಂದ ಮೊದಲ ಸಲ ಪೂರ್ತಿ ಓದಿದ ಮೇಲೆ ಎರಡನೇ ಸಲ ಕೊನೆಯ ವಾಕ್ಯವನ್ನು ಮೊದಲು ಓದಿ, 'ಕೇಳಿದ್ದು' ಎಂಬುದನ್ನು ತುಂಬಲಿ. ಬರಬೇಕಾದ್ದು ರೂಪಾಯಿಯೇ, ಕಿಲೋವೇ, ದಿನವೇ ಎಂದು ಅಲ್ಲೇ ಬರೆಯಲಿ.

ಒಂದು ಲೆಕ್ಕವನ್ನು ಪೂರ್ತಿ ಹೀಗೆ ಬಿಡಿಸೋಣ. "ಒಬ್ಬ ರೈತ ಕೋಲಾರದ ಮಾರುಕಟ್ಟೆಗೆ ತಲಾ 15 ಕೆ.ಜಿ. ತೂಗುವ 48 ಬಾಕ್ಸ್ ಟೊಮೆಟೊ ತಂದನು. ಬಾಕ್ಸಿಗೆ 320 ರೂ.ನಂತೆ ಹರಾಜಾಯಿತು. ಗಾಡಿ ಬಾಡಿಗೆ ಒಟ್ಟು 1,920 ರೂ., ಇಳಿಸುವ ಕೂಲಿ ಬಾಕ್ಸಿಗೆ 10 ರೂ. ಅವನ ಕೈಗೆ ಬಂದದ್ದೆಷ್ಟು? ಅದು ಕಿಲೋಗೆ ಎಷ್ಟು ಬಿದ್ದಂತಾಯಿತು?"

ಕೊಟ್ಟಿದ್ದು: 48 ಬಾಕ್ಸ್, ಬಾಕ್ಸಿಗೆ 15 ಕೆ.ಜಿ., ಬಾಕ್ಸಿಗೆ 320 ರೂ., ಬಾಡಿಗೆ ಒಟ್ಟು 1,920 ರೂ., ಕೂಲಿ ಬಾಕ್ಸಿಗೆ 10 ರೂ.
ಕೇಳಿದ್ದು: (1) ಕೈಗೆ ಬಂದ ಹಣ, ರೂಪಾಯಿಯಲ್ಲಿ. (2) ಕಿಲೋಗೆ ಎಷ್ಟು ರೂಪಾಯಿ.
ಅಂದಾಜು: ಸುಮಾರು 50 ಬಾಕ್ಸ್, ಸುಮಾರು 300 ರೂ., ಮಾರಾಟ 15,000ದ ಆಸುಪಾಸು. ಖರ್ಚು ಕಳೆದರೆ ಅದಕ್ಕೂ ಕಡಿಮೆ.

ಬಾಡಿಗೆಯ ಮುಂದೆ 'ಒಟ್ಟು', ಕೂಲಿಯ ಮುಂದೆ 'ಬಾಕ್ಸಿಗೆ' ಎಂದು ಇರುವುದನ್ನು ಗಮನಿಸಿ. ಈ ಲೆಕ್ಕದ ಬಲೆ ಅದೇ. 1,920ನ್ನು 48ರಿಂದ ಗುಣಿಸುವವರೂ ಇದ್ದಾರೆ, ಕೂಲಿ ಬರೇ 10 ರೂ. ಎಂದು ಕಳೆಯುವವರೂ ಇದ್ದಾರೆ. ಇನ್ನೊಂದು ವಿಷಯ: ಮೊದಲ ಪ್ರಶ್ನೆಗೆ 15 ಕೆ.ಜಿ. ಎಂಬ ಸಂಖ್ಯೆ ಬೇಕೇ ಇಲ್ಲ. ಕೊಟ್ಟ ಸಂಖ್ಯೆಯನ್ನೆಲ್ಲ ಬಳಸಲೇಬೇಕು ಎಂದುಕೊಂಡ ಮಗು ಅದನ್ನೂ ಎಲ್ಲೋ ಗುಣಿಸಿ ಸೇರಿಸುತ್ತದೆ.

ಬಿಡಿಸುವುದು:
ಮಾರಾಟದ ಹಣ = 48 × 320 = 15,360 ರೂ.
ಕೂಲಿ = 48 × 10 = 480 ರೂ.
ಒಟ್ಟು ಖರ್ಚು = 1,920 + 480 = 2,400 ರೂ.
ಕೈಗೆ ಬಂದದ್ದು = 15,360 − 2,400 = 12,960 ರೂ.
ಒಟ್ಟು ತೂಕ = 48 × 15 = 720 ಕೆ.ಜಿ.
ಕಿಲೋಗೆ = 12,960 ÷ 720 = 18 ರೂ.

ತಾಳೆ ನೋಡುವುದೆಂದರೆ ಅದೇ ಲೆಕ್ಕವನ್ನು ಅದೇ ದಾರಿಯಲ್ಲಿ ಇನ್ನೊಮ್ಮೆ ಮಾಡುವುದಲ್ಲ. ಹಾಗೆ ಮಾಡಿದರೆ ಅದೇ ತಪ್ಪು ಮತ್ತೆ ಆಗುತ್ತದೆ. ಬೇರೆ ದಾರಿಯಲ್ಲಿ ಬರಬೇಕು. ಇಲ್ಲಿ ಒಂದೇ ಬಾಕ್ಸನ್ನು ಹಿಡಿಯಿರಿ. ಬಾಡಿಗೆ ಬಾಕ್ಸಿಗೆ 1,920 ÷ 48 = 40 ರೂ., ಕೂಲಿ 10 ರೂ. ಬಾಕ್ಸಿಗೆ ಉಳಿದದ್ದು 320 − 50 = 270 ರೂ. ಕಿಲೋಗೆ 270 ÷ 15 = 18 ರೂ. ಎರಡು ದಾರಿಯೂ ಒಂದೇ ಕಡೆ ಸೇರಿದವು.

ಈ ಲೆಕ್ಕದ ನೆಪದಲ್ಲಿ ಎರಡು ಕೈತಪ್ಪುಗಳನ್ನು ಹೇಳಲೇಬೇಕು. ಮೊದಲನೆಯದು ಗುಣಾಕಾರದ್ದು. 48 × 32 ಮಾಡುವಾಗ 2ರಿಂದ ಗುಣಿಸಿದ 96ರ ಕೆಳಗೆ 3ರಿಂದ ಗುಣಿಸಿದ 144ನ್ನು ನೇರವಾಗಿ ಇಟ್ಟು 240 ಎನ್ನುವುದು. ಆ 3 ನಿಜಕ್ಕೂ ಮೂವತ್ತು. ಬರಬೇಕಾದ್ದು 1,440, ಮೊತ್ತ 1,536. 'ಒಂದು ಮನೆ ಬಿಟ್ಟು ಬರೆ' ಎಂದು ಹೇಳಿಕೊಡುವ ಬದಲು ಆ ಮನೆಯಲ್ಲಿ ಸೊನ್ನೆಯನ್ನೇ ಬರೆಸಿ. ಬಿಡುವುದು ಮರೆತುಹೋಗುತ್ತದೆ, ಬರೆದದ್ದು ಉಳಿಯುತ್ತದೆ.

ಎರಡನೆಯದು ಸಮ ಚಿಹ್ನೆಯದು. 1,920 + 48 × 10 ಎಂಬುದನ್ನು ಮಕ್ಕಳು ಹೀಗೆ ಬರೆಯುತ್ತಾರೆ: 48 × 10 = 480 + 1,920 = 2,400. ಉತ್ತರ ಸರಿ, ಸಾಲು ಸುಳ್ಳು, ಏಕೆಂದರೆ 48 × 10 ಎಂದೂ 2,400ಕ್ಕೆ ಸಮವಲ್ಲ. ಸಮ ಚಿಹ್ನೆ ಎಂದರೆ 'ಉತ್ತರ ಇಲ್ಲಿದೆ' ಎಂಬ ಬಾಣದ ಗುರುತಲ್ಲ, ಎರಡೂ ಕಡೆ ತೂಕ ಒಂದೇ ಎಂಬ ಮಾತು. ಐದನೇ ತರಗತಿಯಲ್ಲಿ ಇದನ್ನು ಸಣ್ಣದೆಂದು ಬಿಟ್ಟರೆ ಏಳನೇ ತರಗತಿಯ ಸಮೀಕರಣ ಅರ್ಥವಾಗುವುದಿಲ್ಲ. ಒಂದು ಸಾಲಿಗೆ ಒಂದೇ ಹೇಳಿಕೆ ಇರಲಿ.

ಭಾಗಾಕಾರ: ಕಳೆದುಹೋಗುವ ಸೊನ್ನೆ, ಉಳಿದುಹೋಗುವ ಶೇಷ

ನರ್ಸರಿಯಲ್ಲಿ ಟೊಮೆಟೊ ಸಸಿ ಬೆಳೆಸುವ ಟ್ರೇಗಳಲ್ಲಿ 98 ಗುಳಿ ಇರುವುದು ಹೆಚ್ಚು ಬಳಕೆಯಲ್ಲಿದೆ. 10,000 ಸಸಿಗೆ ಎಷ್ಟು ಟ್ರೇ ಬೇಕು?

ಭಾಗಿಸುವ ಮೊದಲು ಭಾಗಲಬ್ಧದಲ್ಲಿ ಎಷ್ಟು ಅಂಕಿ ಬರಬೇಕೆಂದು ನೋಡಿ. 10ರಲ್ಲಿ 98 ಹೋಗುವುದಿಲ್ಲ, 100ರಲ್ಲಿ ಹೋಗುತ್ತದೆ. 100 ಆದ ಮೇಲೆ ಇನ್ನು ಎರಡು ಅಂಕಿ ಉಳಿದಿವೆ. ಆದ್ದರಿಂದ ಭಾಗಲಬ್ಧದಲ್ಲಿ 1 + 2 = 3 ಅಂಕಿ. ಮೇಲೆ ಮೂರು ಪುಟ್ಟ ಗೆರೆ ಹಾಕಿಡಿ.

100ರಲ್ಲಿ 98 ಒಂದು ಸಲ. 100 − 98 = 2. ಮೊದಲ ಗೆರೆಯ ಮೇಲೆ 1.
ಮುಂದಿನ ಸೊನ್ನೆ ಇಳಿಸಿದರೆ 20. ಇದರಲ್ಲಿ 98 ಹೋಗುವುದಿಲ್ಲ. ಎರಡನೇ ಗೆರೆಯ ಮೇಲೆ 0.
ಕೊನೆಯ ಸೊನ್ನೆ ಇಳಿಸಿದರೆ 200. ಅದರಲ್ಲಿ 98 ಎರಡು ಸಲ, 196. ಮೂರನೇ ಗೆರೆಯ ಮೇಲೆ 2. ಶೇಷ 4.

ಭಾಗಲಬ್ಧ 102, ಶೇಷ 4. '20ರಲ್ಲಿ ಹೋಗಲ್ಲ' ಎಂದು ಹೇಳಿ ಸೊನ್ನೆ ಹಾಕದೆ ಮುಂದಿನ ಅಂಕಿ ಇಳಿಸಿಕೊಂಡರೆ 12 ಬರುತ್ತದೆ. ಒಂದು ಅಂಕಿ ಇಳಿಸಿದರೆ ಮೇಲೆ ಒಂದು ಅಂಕಿ ಬರೆಯಲೇಬೇಕು, ಅದು ಸೊನ್ನೆಯೇ ಆಗಿರಲಿ. ಮೊದಲೇ ಹಾಕಿದ ಮೂರು ಗೆರೆಗಳಲ್ಲಿ ಒಂದು ಖಾಲಿ ಉಳಿದರೆ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ.

ತಾಳೆ: ಭಾಜಕ × ಭಾಗಲಬ್ಧ + ಶೇಷ = ಭಾಜ್ಯ. 98 × 102 = 9,996. ಅದಕ್ಕೆ 4 ಸೇರಿದರೆ 10,000.

ಲೆಕ್ಕ ಇನ್ನೂ ಮುಗಿದಿಲ್ಲ. ಉಳಿದ 4 ಸಸಿಗಳನ್ನು ಏನು ಮಾಡುವುದು? ಅವುಗಳಿಗೂ ಒಂದು ಟ್ರೇ ಬೇಕು. ಉತ್ತರ 103. ಅದೇ ಸಂಖ್ಯೆಗಳನ್ನು ಇಟ್ಟು 'ಎಷ್ಟು ಟ್ರೇ ಪೂರ್ತಿ ತುಂಬುತ್ತವೆ?' ಎಂದು ಕೇಳಿದ್ದರೆ ಉತ್ತರ 102. 'ಎಷ್ಟು ಸಸಿ ಮಿಕ್ಕುತ್ತವೆ?' ಎಂದರೆ 4. ಭಾಗಾಕಾರ ಒಂದೇ, ಉತ್ತರ ಮೂರು. ಯಾವುದು ಬೇಕೆಂದು 'ಕೇಳಿದ್ದು' ಎಂಬ ಸಾಲು ಹೇಳುತ್ತದೆ.

ಪಹಣಿಯ ಚುಕ್ಕಿ ದಶಾಂಶವಲ್ಲ

ಎಕರೆ, ಗುಂಟೆ ನಮ್ಮ ಮಕ್ಕಳ ಕಿವಿಗೆ ದಿನವೂ ಬೀಳುವ ಮಾತು. ಅಳತೆಯ ಲೆಕ್ಕ ಕಲಿಯಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ, ಎಡವಲು ಇದಕ್ಕಿಂತ ಒಳ್ಳೆಯ ಕಲ್ಲೂ ಇಲ್ಲ. ಪಹಣಿಯಲ್ಲಿ ವಿಸ್ತೀರ್ಣವನ್ನು ನಡುವೆ ಚುಕ್ಕಿ ಹಾಕಿ 2.10 ಎಂಬಂತೆ ಬರೆದಿರುತ್ತಾರೆ. ಅದು ಎರಡು ದಶಾಂಶ ಒಂದು ಸೊನ್ನೆ ಅಲ್ಲ, 2 ಎಕರೆ 10 ಗುಂಟೆ. ಎಕರೆಗೆ 40 ಗುಂಟೆ. ಆದ್ದರಿಂದ 10 ಗುಂಟೆ ಎಂದರೆ ಕಾಲು ಎಕರೆ. ದಶಾಂಶದಲ್ಲಿ ಬರೆದರೆ 2.25 ಎಕರೆ.

1 ಎಕರೆ 28 ಗುಂಟೆಗೆ 2 ಎಕರೆ 25 ಗುಂಟೆ ಕೂಡಿಸಿ. ಗುಂಟೆ ಗುಂಟೆಗೆ: 28 + 25 = 53. ಅದರಲ್ಲಿ 40 ಹೋದರೆ ಒಂದು ಎಕರೆ ಆಯಿತು, ಉಳಿದದ್ದು 13. ಎಕರೆ: 1 + 2 + 1 = 4. ಉತ್ತರ 4 ಎಕರೆ 13 ಗುಂಟೆ. 1.28 + 2.25 = 3.53 ಎಂದು ಕೂಡಿದರೆ '3 ಎಕರೆ 53 ಗುಂಟೆ' ಎಂಬ, ಎಲ್ಲೂ ಬರೆಯದ ಅಳತೆ ಬರುತ್ತದೆ.

ಕಳೆಯುವಾಗಲೂ ಹಾಗೆಯೇ. 4 ಎಕರೆ 5 ಗುಂಟೆಯಲ್ಲಿ 1 ಎಕರೆ 30 ಗುಂಟೆ ಕಳೆಯಬೇಕು. 5ರಲ್ಲಿ 30 ಹೋಗುವುದಿಲ್ಲ. ಒಂದು ಎಕರೆಯನ್ನು ಮುರಿದರೆ ಸಿಗುವುದು 40 ಗುಂಟೆ, ಹತ್ತೂ ಅಲ್ಲ ನೂರೂ ಅಲ್ಲ. ಈಗ 3 ಎಕರೆ 45 ಗುಂಟೆ. ಅದರಲ್ಲಿ 1 ಎಕರೆ 30 ಗುಂಟೆ ಹೋದರೆ 2 ಎಕರೆ 15 ಗುಂಟೆ.

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ: 1,089 ಚದರ ಅಡಿ. ನಲವತ್ತರಿಂದ ಗುಣಿಸಿದರೆ ಎಕರೆಗೆ 43,560 ಚದರ ಅಡಿ. 30 × 40 ಸೈಟು 1,200 ಚದರ ಅಡಿ, ಅಂದರೆ ಒಂದು ಗುಂಟೆಗಿಂತ ಸ್ವಲ್ಪ ದೊಡ್ಡದು. ಇದೊಂದು ತಲೆಯಲ್ಲಿದ್ದರೆ ವಿಸ್ತೀರ್ಣದ ಲೆಕ್ಕದಲ್ಲಿ ಅಸಂಬದ್ಧ ಉತ್ತರ ಬಂದಾಗ ಮಗುವಿಗೇ ಅನುಮಾನ ಹುಟ್ಟುತ್ತದೆ.

ಸಮಯದ ಲೆಕ್ಕದಲ್ಲಿ ಮಾಡುವ ತಪ್ಪೂ ಇದರ ತಮ್ಮನೇ. ತುಮಕೂರಿನಿಂದ ಬೆಂಗಳೂರಿಗೆ 70 ಕಿ.ಮೀ. ಎಂದು ಹಿಡಿದು, ಬಸ್ಸು 1 ಗಂಟೆ 45 ನಿಮಿಷ ತೆಗೆದುಕೊಂಡರೆ ವೇಗವೆಷ್ಟು? 70ನ್ನು 1.45ರಿಂದ ಭಾಗಿಸಿದರೆ 48ಕ್ಕೂ ಮೇಲೆ ಬರುತ್ತದೆ, ಅದು ತಪ್ಪು. 45 ನಿಮಿಷ ಎಂದರೆ ಮುಕ್ಕಾಲು ಗಂಟೆ, 0.75. 70 ÷ 1.75 = 40. ದಶಾಂಶ ಕಷ್ಟವೆನಿಸಿದರೆ ಎಲ್ಲವನ್ನೂ ನಿಮಿಷ ಮಾಡಿ: 105 ನಿಮಿಷಕ್ಕೆ 70 ಕಿ.ಮೀ., 60 ನಿಮಿಷಕ್ಕೆ 70 × 60 ÷ 105 = 40 ಕಿ.ಮೀ.

ಭಿನ್ನರಾಶಿ

ಅರ್ಧಕ್ಕೆ ಮೂರನೇ ಒಂದು ಸೇರಿಸಿ ಎಂದರೆ ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ ಕೂಡಿ 1/2 + 1/3 = 2/5 ಎಂದು ಬರೆಯುವುದು ಎಲ್ಲ ಊರಿನಲ್ಲೂ ನಡೆಯುವ ತಪ್ಪು. ಐದರಲ್ಲಿ ಎರಡು ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ? ಈ ಪ್ರಶ್ನೆಯನ್ನು ಮಗುವಿಗೇ ಕೇಳಿ, ಉತ್ತರ ನೀವು ಹೇಳಬೇಡಿ. ಗೆರೆಯ ಕೆಳಗಿನ ಸಂಖ್ಯೆ, ಅಂದರೆ ಛೇದ, ಎಣಿಸುವ ಸಂಖ್ಯೆಯಲ್ಲ, ತುಂಡಿನ ಗಾತ್ರದ ಹೆಸರು. ಗಾತ್ರ ಬೇರೆ ಇದ್ದರೆ ಕೂಡಲಾಗದು. ಎರಡನ್ನೂ ಆರನೇ ತುಂಡುಗಳಾಗಿ ಕತ್ತರಿಸಿದರೆ 3/6 + 2/6 = 5/6. ಆ ಆರು 2 ಮತ್ತು 3ರ ಲ.ಸಾ.ಅ., ಅಂದರೆ ಎರಡರಿಂದಲೂ ಶೇಷವಿಲ್ಲದೆ ಭಾಗ ಹೋಗುವ ಅತಿ ಚಿಕ್ಕ ಸಂಖ್ಯೆ.

ಈಗ ಜಮೀನಿಗೆ ಬರೋಣ. "2 ಎಕರೆ 16 ಗುಂಟೆ ಹೊಲ. ಅದರಲ್ಲಿ ಮೂರನೇ ಒಂದು ಭಾಗ ರಾಗಿ, ನಾಲ್ಕನೇ ಒಂದು ಭಾಗ ಹಿಪ್ಪುನೇರಳೆ, ಉಳಿದದ್ದು ನೆಲಗಡಲೆ. ನೆಲಗಡಲೆ ಎಷ್ಟು?"

ಮೊದಲು ಎಲ್ಲವನ್ನೂ ಗುಂಟೆ ಮಾಡಿ: 2 × 40 + 16 = 96. ರಾಗಿ 96 ÷ 3 = 32, ಹಿಪ್ಪುನೇರಳೆ 96 ÷ 4 = 24, ಎರಡೂ ಸೇರಿ 56. ನೆಲಗಡಲೆ 96 − 56 = 40 ಗುಂಟೆ, ಅಂದರೆ 1 ಎಕರೆ. ಭಿನ್ನರಾಶಿಯ ದಾರಿಯಲ್ಲಿ ತಾಳೆ: 1/3 + 1/4 = 7/12, ಉಳಿದದ್ದು 5/12, 96ರ 5/12 = 40.

ಈಗ ಒಂದೇ ಪದ ಬದಲಾಯಿಸಿ. "ಮೂರನೇ ಒಂದು ಭಾಗ ರಾಗಿ, ಉಳಿದದ್ದರಲ್ಲಿ ನಾಲ್ಕನೇ ಒಂದು ಭಾಗ ಹಿಪ್ಪುನೇರಳೆ." ರಾಗಿ 32 ಗುಂಟೆ, ಉಳಿದದ್ದು 64. ಅದರ ನಾಲ್ಕನೇ ಒಂದು 16. ನೆಲಗಡಲೆಗೆ 48 ಗುಂಟೆ. ಒಂದು ಪದದಿಂದ ಎಂಟು ಗುಂಟೆ ವ್ಯತ್ಯಾಸ! ಭಾಗ ಎಂದು ಕಂಡಾಗಲೆಲ್ಲ 'ಯಾವುದರ ಭಾಗ?' ಎಂದು ಕೇಳಿಕೊಂಡು, ಆ ಉತ್ತರವನ್ನು ಭಿನ್ನರಾಶಿಯ ಪಕ್ಕದಲ್ಲೇ ಬರೆಸಿ.

ಎರಡು ನಲ್ಲಿಗಳ ಲೆಕ್ಕವೂ ಇದೇ ಜಾತಿಯದು. ಒಂದು ನಲ್ಲಿ ತೊಟ್ಟಿಯನ್ನು 20 ನಿಮಿಷದಲ್ಲಿ, ಇನ್ನೊಂದು 30 ನಿಮಿಷದಲ್ಲಿ ತುಂಬಿಸುತ್ತದೆ. ಎರಡನ್ನೂ ಒಟ್ಟಿಗೆ ತಿರುಗಿಸಿ ಬಿಟ್ಟರೆ ಎಷ್ಟು ಹೊತ್ತು? 'ಸರಾಸರಿ 25 ನಿಮಿಷ' ಎಂಬ ಉತ್ತರವನ್ನು ಒಂದು ಪ್ರಶ್ನೆಯಿಂದಲೇ ಒಡೆಯಬಹುದು: ಮೊದಲ ನಲ್ಲಿ ಒಂದೇ 20 ನಿಮಿಷದಲ್ಲಿ ತುಂಬಿಸುವಾಗ, ಜೊತೆಗೆ ಇನ್ನೊಂದು ಬಂದರೆ ತಡವಾಗುತ್ತದೆಯೇ? ಒಂದು ನಿಮಿಷದಲ್ಲಿ ತುಂಬುವ ಭಾಗ 1/20 + 1/30 = 5/60 = 1/12. ಆದ್ದರಿಂದ 12 ನಿಮಿಷ.

ತ್ರೈರಾಶಿ

ಮೂರು ಸಂಖ್ಯೆ ತಿಳಿದಿದ್ದು ನಾಲ್ಕನೆಯದನ್ನು ಕಂಡುಹಿಡಿಯುವ ಈ ಕ್ರಮಕ್ಕೆ ನಮ್ಮ ಹಳಬರು ಇಟ್ಟ ಹೆಸರುಗಳು ಇಂದಿಗೂ ಉಪಯುಕ್ತ: ಪ್ರಮಾಣ, ಫಲ, ಇಚ್ಛೆ. ಶಿಡ್ಲಘಟ್ಟದಲ್ಲಿ 56 ಕೆ.ಜಿ. ರೇಷ್ಮೆಗೂಡಿಗೆ 34,720 ರೂ. ಬಂದರೆ, ಅದೇ ದರದಲ್ಲಿ 73 ಕೆ.ಜಿ.ಗೆ ಎಷ್ಟು? 56 ಪ್ರಮಾಣ, 34,720 ಫಲ, 73 ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. ಇಲ್ಲಿ ಮೊದಲೇ ಭಾಗಿಸಿದರೂ ನಡೆಯುತ್ತದೆ: ಕಿಲೋಗೆ 34,720 ÷ 56 = 620 ರೂ., 620 × 73 = 45,260 ರೂ.

ಸಮವಾಗಿ ಭಾಗ ಹೋಗದಿದ್ದರೆ ಮಾತ್ರ ಮೊದಲು ಗುಣಿಸಿ, ಆಮೇಲೆ ಭಾಗಿಸಿ. 3 ಕೆ.ಜಿ.ಗೆ 100 ರೂ. ಆದರೆ 12 ಕೆ.ಜಿ.ಗೆ? ಮೊದಲೇ ಭಾಗಿಸಿದ ಮಗು 33.33 × 12 = 399.96 ಎಂದು ಬರೆಯುತ್ತದೆ. 100 × 12 ÷ 3 = 400. ನಾಲ್ಕು ಪೈಸೆ ಹೋದದ್ದು ಅರ್ಧಕ್ಕೇ ಕತ್ತರಿಸಿದ ದಶಾಂಶದಲ್ಲಿ.

ಆದರೆ ಸೂತ್ರಕ್ಕೆ ಕೈ ಹಾಕುವ ಮುನ್ನ ಕೇಳಬೇಕಾದ ಮಾತೊಂದಿದೆ: ಇದು ಹೆಚ್ಚಾದರೆ ಅದು ಹೆಚ್ಚಾಗುತ್ತದೆಯೋ, ಕಡಿಮೆಯಾಗುತ್ತದೆಯೋ, ಹಾಗೇ ಇರುತ್ತದೆಯೋ? 6 ಜನ ಆಳು ಕಳೆ ಕೀಳಲು 4 ದಿನ ತೆಗೆದುಕೊಂಡರೆ 8 ಜನಕ್ಕೆ ಎಷ್ಟು ದಿನ? ಜನ ಹೆಚ್ಚಾದರೆ ದಿನ ಕಡಿಮೆ, ಇದು ವಿಲೋಮ. ಒಟ್ಟು ಕೆಲಸ 6 × 4 = 24 ಆಳು-ದಿನ, 24 ÷ 8 = 3 ದಿನ. ನೇರ ಅನುಪಾತವೆಂದು ತಿಳಿದು 4 × 8 ÷ 6 ಮಾಡಿದರೆ ಐದು ದಿನಕ್ಕೂ ಹೆಚ್ಚು ಬರುತ್ತದೆ. ಆಳು ಜಾಸ್ತಿಯಾದಷ್ಟೂ ಕೆಲಸ ತಡವಾಗುವ ಹೊಲ ಎಲ್ಲಿದೆ ಎಂದು ಕೇಳಿ. ಇನ್ನು ಒಂದು ಚಾಪೆಯ ರಾಗಿ ಬಿಸಿಲಿಗೆ ಒಣಗಲು 2 ದಿನ ಬೇಕಾದರೆ ಮೂರು ಚಾಪೆಗೆ? ಪಕ್ಕಪಕ್ಕ ಹಾಸಿದರೆ ಅದೇ 2 ದಿನ. ತ್ರೈರಾಶಿ ಕಲಿತ ವಾರದಲ್ಲಿ ಈ ಲೆಕ್ಕ ಕೊಟ್ಟು ನೋಡಿ. 6 ದಿನ ಎನ್ನುವ ಮಗುವಿಗೆ ಸೂತ್ರ ಬಂದಿದೆ, ಅನುಪಾತ ಇನ್ನೂ ಬಂದಿಲ್ಲ.

ಶೇಕಡಾ

ತಿಪಟೂರಿನ ಕೊಬ್ಬರಿ ಕ್ವಿಂಟಾಲಿಗೆ 10,000 ರೂ. ಇತ್ತೆಂದು ಇಟ್ಟುಕೊಳ್ಳಿ. ಶೇ. 20 ಏರಿ, ಆಮೇಲೆ ಶೇ. 20 ಇಳಿಯಿತು. ಮತ್ತೆ 10,000ಕ್ಕೇ ಬಂತೇ? ಏರಿದಾಗ 10,000 + 2,000 = 12,000. ಇಳಿಯುವಾಗ ಶೇ. 20 ಎಂದರೆ 12,000ದ ಶೇ. 20, ಅಂದರೆ 2,400. ನಿಂತದ್ದು 9,600ಕ್ಕೆ. ನೂರರಲ್ಲಿ ಇಪ್ಪತ್ತು ಎಂಬುದು ಬದಲಾಗಲಿಲ್ಲ, ಯಾವ ನೂರು ಎಂಬುದು ಬದಲಾಯಿತು.

ಹಿಂದಕ್ಕೆ ಹೋಗುವ ಲೆಕ್ಕದಲ್ಲಿ ಇದು ಇನ್ನೂ ಕಾಡುತ್ತದೆ. "ಶೇ. 20 ಏರಿದ ಮೇಲೆ 12,000 ರೂ. ಆಯಿತು. ಮೊದಲು ಎಷ್ಟಿತ್ತು?" 12,000ದಲ್ಲಿ ಶೇ. 20 ಕಳೆದ ಮಗು ಮತ್ತೆ ಅದೇ 9,600ಕ್ಕೆ ಬರುತ್ತದೆ. ಮೊದಲಿನ ಬೆಲೆಯನ್ನು 100 ಪಾಲು ಎಂದರೆ ಈಗಿನದು 120 ಪಾಲು. 120 ಪಾಲಿಗೆ 12,000, ಒಂದು ಪಾಲಿಗೆ 100, ನೂರು ಪಾಲಿಗೆ 10,000. ಲಾಭ ನಷ್ಟದ ಲೆಕ್ಕದಲ್ಲಿ ಬೇರೆ ಹೇಳದಿದ್ದರೆ ಶೇಕಡಾ ಯಾವಾಗಲೂ ಕೊಂಡ ಬೆಲೆಯ ಮೇಲೆ, ಮಾರಿದ ಬೆಲೆಯ ಮೇಲಲ್ಲ.

ಋಣ ಸಂಖ್ಯೆ, ಸಮೀಕರಣ

ಋಣ ಸಂಖ್ಯೆಗೆ ಈ ಸೀಮೆಯಲ್ಲೇ ಒಳ್ಳೆಯ ಉದಾಹರಣೆ ಇದೆ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಮೇಲೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ ನೆಲದಿಂದ ಸುಮಾರು 3,200 ಮೀಟರ್ ಆಳಕ್ಕೆ ಹೋಗಿತ್ತು. ಅಲ್ಲಿನ ನೆಲವನ್ನು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಎಂದು ಹಿಡಿದರೆ ಗಣಿಯ ತಳ 900 − 3,200 = −2,300. ಬೆಟ್ಟದ ತುದಿಗೂ ಗಣಿಯ ತಳಕ್ಕೂ ಅಂತರ: 1,478 − (−2,300) = 3,778 ಮೀಟರ್. ಎರಡು ಋಣ ಸೇರಿ ಧನ ಏಕಾಯಿತು ಎಂಬುದಕ್ಕೆ ನಿಯಮ ಬೇಡ. ಸಮುದ್ರಮಟ್ಟದ ಗೆರೆ ಎಳೆದು, ತುದಿಯಿಂದ ಗೆರೆಗೆ 1,478, ಗೆರೆಯಿಂದ ತಳಕ್ಕೆ 2,300 ಎಂದು ತೋರಿಸಿದರೆ ಸಾಕು.

ಸಮೀಕರಣದಲ್ಲಿ ಪುಸ್ತಕದವರು 'ಎಕ್ಸ್' ಎನ್ನುತ್ತಾರೆ. ಯಾವ ಅಕ್ಷರವಾದರೂ ಆದೀತು, ಆದರೆ ಅದು ಸಂಖ್ಯೆಗೆ ನಿಂತಿದೆ, ವಸ್ತುವಿಗಲ್ಲ. "ತಾಯಿಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟು. 12 ವರ್ಷದ ನಂತರ ಎರಡರಷ್ಟಾಗುತ್ತದೆ." ಮೊದಲ ಸಾಲಿನಲ್ಲೇ ಬರೆಯಿರಿ: ಮಗಳ ಈಗಿನ ವಯಸ್ಸು = ಮ ವರ್ಷ. 'ಮ = ಮಗಳು' ಎಂದು ಬರೆದರೆ ಮುಂದೆ ಗೊಂದಲ ತಪ್ಪಿದ್ದಲ್ಲ.

ತಾಯಿ ಈಗ = 3ಮ
12 ವರ್ಷದ ನಂತರ ಮಗಳು = ಮ + 12, ತಾಯಿ = 3ಮ + 12
3ಮ + 12 = 2(ಮ + 12)
3ಮ + 12 = 2ಮ + 24
ಎರಡೂ ಕಡೆ 2ಮ ಕಳೆದರೆ: ಮ + 12 = 24
ಎರಡೂ ಕಡೆ 12 ಕಳೆದರೆ: ಮ = 12

ಮಗಳಿಗೆ 12, ತಾಯಿಗೆ 36. ಹನ್ನೆರಡು ವರ್ಷದ ನಂತರ 24 ಮತ್ತು 48, ಎರಡರಷ್ಟು ಸರಿಹೋಯಿತು. ಆವರಣ ಬಿಟ್ಟು 2ಮ + 12 ಎಂದು ಬರೆದವರಿಗೆ ಮ = 0 ಬರುತ್ತದೆ. ಮಗಳು ಈಗ ತಾನೇ ಹುಟ್ಟಿದ್ದಾಳೆ, ತಾಯಿಗೂ ಸೊನ್ನೆ ವರ್ಷ! ಪಕ್ಷಾಂತರ ಮಾಡಿದರೆ, ಅಂದರೆ ಸಮ ಚಿಹ್ನೆಯ ಒಂದು ಕಡೆಯದನ್ನು ಇನ್ನೊಂದು ಕಡೆಗೆ ಒಯ್ದರೆ, ಚಿಹ್ನೆ ಬದಲಾಗುತ್ತದೆ ಎಂಬ ನಿಯಮವನ್ನು ಮೊದಲ ಒಂದು ತಿಂಗಳು ಹೇಳಿಕೊಡಬೇಡಿ. 'ಎರಡೂ ಕಡೆ ಕಳೆದರೆ' ಎಂದು ಪೂರ್ತಿ ಬರೆಸಿ. ತಕ್ಕಡಿಯ ಎರಡು ತಟ್ಟೆಯಿಂದಲೂ ಒಂದೇ ತೂಕ ತೆಗೆಯುತ್ತಿದ್ದೇವೆಂದು ಗೊತ್ತಿದ್ದವರು 3ಮ = 33 ಎಂಬುದರಿಂದ ಮ = 30 ಎಂದು ಕಳೆಯುವುದಿಲ್ಲ, 3ರಿಂದ ಭಾಗಿಸಿ 11 ಎನ್ನುತ್ತಾರೆ.

ದಿನಕ್ಕೆ ಐದು ಲೆಕ್ಕ ಸಾಕು, ಆದರೆ ಐದೂ ಒಂದೇ ಪಾಠದ್ದಾಗಿರಬಾರದು. ಶೇಕಡಾ ಪಾಠದ ಕೆಳಗಿರುವ ಲೆಕ್ಕಕ್ಕೆ ಶೇಕಡಾ ಹಾಕಬೇಕೆಂದು ಎಲ್ಲರಿಗೂ ಗೊತ್ತು. ಪರೀಕ್ಷೆಯಲ್ಲಿ ಆ ತಲೆಬರಹ ಇರುವುದಿಲ್ಲ. ತಪ್ಪಾದ ಲೆಕ್ಕದ ಪಕ್ಕದಲ್ಲಿ ಮೂರರಲ್ಲಿ ಒಂದು ಗುರುತು ಹಾಕಿಸಿ: ಓದಿದ್ದು ತಪ್ಪು, ದಾರಿ ತಪ್ಪು, ಕೈತಪ್ಪು. ಕೈತಪ್ಪು ಹೆಚ್ಚಿದ್ದರೆ ಮಗ್ಗಿ ಮತ್ತು ಅಂದಾಜು ಅಭ್ಯಾಸ ಮಾಡಿಸಿ. ಓದಿದ್ದು ತಪ್ಪುತ್ತಿದ್ದರೆ ಎರಡು ವಾರ ಉತ್ತರವೇ ಬೇಡ, ಕೊಟ್ಟಿದ್ದು ಮತ್ತು ಕೇಳಿದ್ದು ಮಾತ್ರ ಬರೆಸಿ.

ಇಂದು ಸಂಜೆಗೆ ನಾಲ್ಕು ಲೆಕ್ಕ. ಸರಿ ಉತ್ತರದ ಜೊತೆ ತಪ್ಪು ಉತ್ತರ ಎಲ್ಲಿಂದ ಬಂದಿರಬಹುದೆಂದೂ ಕೊಟ್ಟಿದೆ.

ಬಸ್ಸು 1 ಗಂಟೆ 20 ನಿಮಿಷದಲ್ಲಿ 48 ಕಿ.ಮೀ. ಹೋದರೆ ಗಂಟೆಗೆ ಎಷ್ಟು? ಉತ್ತರ 36 ಕಿ.ಮೀ. 40 ಬಂದಿದ್ದರೆ 20 ನಿಮಿಷವನ್ನು 0.2 ಗಂಟೆ ಮಾಡಿದ್ದಾರೆ.

ಶೇ. 25 ಏರಿದ ಮೇಲೆ ಒಂದು ಬುಟ್ಟಿ ಹೂವಿಗೆ 500 ರೂ. ಮೊದಲು ಎಷ್ಟಿತ್ತು? ಉತ್ತರ 400 ರೂ. 375 ಬಂದಿದ್ದರೆ ಹೊಸ ಬೆಲೆಯ ಮೇಲೆ ಶೇಕಡಾ ತೆಗೆದಿದ್ದಾರೆ.

3 ಎಕರೆ 6 ಗುಂಟೆಯಲ್ಲಿ 1 ಎಕರೆ 18 ಗುಂಟೆ ಮಾರಿದರೆ ಉಳಿದದ್ದೆಷ್ಟು? ಉತ್ತರ 1 ಎಕರೆ 28 ಗುಂಟೆ. 1 ಎಕರೆ 88 ಗುಂಟೆ ಬಂದಿದ್ದರೆ ಎಕರೆಗೆ ನೂರು ಗುಂಟೆ ಹಿಡಿದಿದ್ದಾರೆ. 2 ಎಕರೆ 12 ಗುಂಟೆ ಬಂದಿದ್ದರೆ 18ರಲ್ಲಿ 6 ಕಳೆದಿದ್ದಾರೆ, ಅಂದರೆ ಮೇಲೆ ಕೆಳಗೆ ನೋಡದೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುವ ಅಭ್ಯಾಸವಿದೆ.

ಟ್ರೇಗೆ 30 ಮೊಟ್ಟೆಯಂತೆ 9,050 ಮೊಟ್ಟೆ ಜೋಡಿಸಲು ಎಷ್ಟು ಟ್ರೇ ಬೇಕು? ಉತ್ತರ 302. 31 ಅಥವಾ 32 ಬಂದಿದ್ದರೆ ಭಾಗಲಬ್ಧದ ಸೊನ್ನೆ ಬಿಟ್ಟಿದ್ದಾರೆ. 301 ಬಂದಿದ್ದರೆ ಭಾಗಾಕಾರ ಪೂರ್ತಿ ಸರಿ, ಉಳಿದ 20 ಮೊಟ್ಟೆಗಳಿಗೆ ಟ್ರೇ ಕೊಟ್ಟಿಲ್ಲ.